ಮೂವತ್ತೇಳು ಗೀಟು, ಐದು ಡಜನ್ ಛತ್ರಿ

ವ್ಯಾಪಾರದ ಮರ್ಮವೆಲ್ಲ ನನಗೊಬ್ಬನಿಗೇ ತಿಳಿದಿದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಬಹಳ ದಿನವಲ್ಲ, ಎರಡೇ ತಿಂಗಳು!

ಬೈಲಹೊಂಗಲ ಪೇಟೆಯಲ್ಲಿ ನಮ್ಮಪ್ಪ ಇಟ್ಟ ಕಿರಾಣಿ ಅಂಗಡಿ ನನ್ನ ಕೈಗೆ ಬಂದ ವರ್ಷ ಅದು. ಅಪ್ಪ ಆಕಾಶ ನೋಡಿ, ಮೀಸೆ ತಿರುವಿ, ಅಂದಾಜಿನ ಮೇಲೆ ಮಾಲು ತರಿಸಿದವರು. ನಾನೋ ಮುಲ್ಕಿ ಪರೀಕ್ಷೆ ಪಾಸಾದವನು. ಕಲಿತವನು ಅಂದಾಜಿನ ಮೇಲೆ ಬದುಕಬಹುದೇ? ಧಾರವಾಡದ ರೈಲು ನಿಲ್ದಾಣದಲ್ಲಿ ಸಿಕ್ಕ ಮುಂಬಯಿಯ ದಲಾಲಿಯೊಬ್ಬ, ದೊಡ್ಡ ಸಾವಕಾರರು ಗಿರಾಕಿ ಕೇಳಿದ್ದನ್ನೆಲ್ಲ ಬರೆದಿಟ್ಟು, ಅದನ್ನು ನೋಡಿಯೇ ಮಾಲು ತರಿಸುತ್ತಾರೆ ಎಂದು ಹೇಳಿದ್ದ.

ಮರುದಿನವೇ ಶುರು. ಅಂಗಡಿಯ ಗೋಡೆಯ ಮೇಲೆ ಇದ್ದಿಲಿನಿಂದ ಪಟ್ಟಿ ಬರೆದೆ. ಕೇಳಿದ ವಸ್ತು ನಮ್ಮಲ್ಲಿ ಇಲ್ಲದಿದ್ದರೆ ಅದರ ಹೆಸರಿನ ಮುಂದೆ ಒಂದು ಗೀಟು. ಇದ್ದರೆ ಕೊಟ್ಟು ಕಳಿಸುವುದು. ಅದಕ್ಕೆ ಗೀಟು ಯಾಕೆ?

ನನ್ನ ಹೆಂಡತಿ ಗಂಗವ್ವ ಊಟದ ಬುತ್ತಿ ತಂದವಳು ಗೋಡೆ ನೋಡಿ ನಿಂತಳು.

"ಗ್ವಾಡಿಗೆ ಯಾಕ್ರೀ ಹಿಂಗ ಮಸಿ ಬಡದೀರಿ?"

"ಇದು ಮಸಿ ಅಲ್ಲ, ಶಾಸ್ತ್ರ."

"ಆತು. ಯಾರ ಕೇಳಿದ್ರು, ಯಾಕ ಕೇಳಿದ್ರು, ಅದನ್ನ ಎಲ್ಲಿ ಬರದೀರಿ?"

"ಶಾಸ್ತ್ರಕ್ಕ ಹೆಸರು ಬೇಕಾಗಿಲ್ಲ ಗಂಗಾ. ಸಂಖ್ಯಾ ಸಾಕು!"

ಗೀಟು ಎಳೆಯುವ ಶ್ರದ್ಧೆಯಲ್ಲಿ ನಾನು ಗಿರಾಕಿಯ ಮುಖವನ್ನೂ ನೋಡುತ್ತಿರಲಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಫಲಿತಾಂಶ ಕಣ್ಣು ಕುಕ್ಕಿತು. ಸೂಜಿಗೆ ನಾಲ್ಕು ಗೀಟು, ಕರ್ಪೂರಕ್ಕೆ ಆರು, ಛತ್ರಿಗೆ ಮೂವತ್ತೇಳು! ಬೆಲ್ಲಕ್ಕೆ ಒಂದೂ ಇಲ್ಲ.

ತಕ್ಷಣ ಧಾರವಾಡಕ್ಕೆ ಐದು ಡಜನ್ ಛತ್ರಿಗೆ ಕಾಗದ ಬರೆದೆ. ಅವನ್ನು ಇಡಲು ಜಾಗ ಬೇಕಲ್ಲ, ಯಾರೂ ಕೇಳದ ಬೆಲ್ಲವನ್ನು ಎದುರಂಗಡಿಯ ರುದ್ರಪ್ಪನಿಗೆ ತಂದ ದರಕ್ಕೇ ಕೊಟ್ಟುಬಿಟ್ಟೆ.

"ನಾಗರ ಪಂಚಮಿ ಹತ್ತರ ಬಂತಲ್ಲೋ. ಈಗ ಬೆಲ್ಲಾ ಕೊಡತೀಯಾ?" ಎಂದ ರುದ್ರಪ್ಪ.

"ಊರಾಗ ಬೆಲ್ಲಾ ಕೇಳಾವರ ಇಲ್ಲಪಾ," ಎಂದು ಅವನ ಅಜ್ಞಾನಕ್ಕೆ ಮರುಗಿದೆ. ಅವನು ಬೆಲ್ಲದ ಪೆಂಟೆಗಳನ್ನು ತಾನೇ ಹೊತ್ತು ಓಡಿದ.

ಕೊನೆಯ ಪೆಂಟೆ ಎತ್ತಿದಾಗ ಮೂಲೆಯಲ್ಲಿ ಒಂದು ಹಳೆಯ ಛತ್ರಿ ಕಂಡಿತು. ಇದು ಶುಭಶಕುನವೇ ಎಂದು ಧೂಳು ಝಾಡಿಸಿ, ನಮೂನೆಗೆಂದು ಬಾಗಿಲಿಗೆ ತೂಗುಹಾಕಿದೆ.

ಚಕ್ಕಡಿಯಲ್ಲಿ ಛತ್ರಿಗಳು ಬಂದವು. ಮೊದಲ ಗಿರಾಕಿ ದೊಡವಾಡದ ರೈತ. ಒಂದನ್ನು ಬಿಚ್ಚಿ ಅವನ ತಲೆಯ ಮೇಲೆ ಹಿಡಿದೆ.

"ಛತ್ರಿ ಹಿಡದ್ರ ಎತ್ತ ಯಾವ ಕೈಲೆ ಹೊಡೀಲ್ರೀ ಸಾವಕಾರ?" ಎಂದ. "ನಮಗ ತಲಿಮ್ಯಾಲ ಕಂಬಳಿ ಕೊಪ್ಪಿ ಐತಿ. ಉಂಡಿ ಕಟ್ಟಾಕ ಎರಡ ಪೆಂಟಿ ಬೆಲ್ಲಾ ಕೊಡ್ರಿ."

"ಬೆಲ್ಲಾ ಇಲ್ಲ."

ಅವನು ಎದುರಂಗಡಿಗೆ ಹೋದ. ಅವನ ಹಿಂದೆ ಬಂದವರೆಲ್ಲ ಬೆಲ್ಲವನ್ನೇ ಕೇಳಿದರು, ಎದುರಂಗಡಿಗೇ ಹೋದರು. ಬೆಲ್ಲದ ಮುಂದೆ ಹನ್ನೊಂದು ಗೀಟು ಎಳೆದು ಹನ್ನೆರಡನೆಯದಕ್ಕೆ ಕೈ ಎತ್ತಿದಾಗ ತಲೆಗೆ ಬೆಳಕು ಬಿತ್ತು. ಇಷ್ಟು ದಿನ ಬೆಲ್ಲ ನಮ್ಮಲ್ಲಿ ಇತ್ತು, ಅದಕ್ಕೇ ಗೀಟು ಬಿದ್ದಿರಲಿಲ್ಲ!

ಹೋಗಲಿ, ಛತ್ರಿಯ ಮೂವತ್ತೇಳು ಗಿರಾಕಿಗಳಿದ್ದಾರಲ್ಲ? ಅವರ ದಾರಿ ಕಾಯುತ್ತ ಕುಳಿತೆ. ಸಂಜೆಗೆ, ಸಾಲೆಯಿಂದ ನಿವೃತ್ತರಾದ ಮುದಿ ಮಾಸ್ತರರು ಬಂದರು. ಕಿವಿ ಸ್ವಲ್ಪ ಮಂದ.

"ಛತ್ರಿ ಐತೇನೋ ತಮ್ಮಾ?"

ಆ ದನಿಯನ್ನು ಎಷ್ಟೋ ಸಲ ಕೇಳಿದಂತಿತ್ತು! "ಅದಾವರೀ ಮಾಸ್ತರ! ಐದು ಡಜನ್ ಅದಾವು!" ಎಂದು ಕೂಗಿದೆ.

ಅವರು ಹೊಸ ಛತ್ರಿಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಸೀದಾ ಬಾಗಿಲಿಗೆ ತೂಗುಹಾಕಿದ್ದ ಹಳೆಯದಕ್ಕೆ ಕೈ ಹಾಕಿದರು.

"ಸಿಕ್ತಲ್ಲೋ! ಜ್ಯೇಷ್ಠದಾಗ ಇಲ್ಲೇ ಮರತ ಹೋಗಿದ್ನಿ. ದಿನಾ ಬಂದ ಕೇಳಿದ್ರ ಇಲ್ಲ ಇಲ್ಲ ಅಂತಿದ್ದ್ಯಲ್ಲ, ಮಬ್ಬು!"

ಗಿರಾಕಿಗಳು ಮೂವತ್ತೇಳಲ್ಲ. ಒಬ್ಬರೇ ಮಾಸ್ತರರು, ಮೂವತ್ತೇಳು ಸಲ!

ಮನೆಗೆ ಬಂದರೆ ಗಂಗವ್ವ ಉಂಡಿ ಕಟ್ಟುತ್ತಿದ್ದಳು.

"ಬೆಲ್ಲಾ ಎಲ್ಲಿಂದ ಬಂತು?"

"ರುದ್ರಪ್ಪನ ಅಂಗಡಿಂದ. ನಮ್ಮ ಬೆಲ್ಲಾನ ರೀ. ಆದ್ರ ಈಗ ಭಾಳ ತುಟ್ಟಿ ಆಗೇತಿ."

ರೈತನ ಮಾತು, ಮಾಸ್ತರರ ಛತ್ರಿ ಎಲ್ಲ ಹೇಳಿ ನಾನು ಗೋಡೆಗೆ ಒರಗಿ ಕುಳಿತುಬಿಟ್ಟೆ. ಅಪ್ಪ ಜೀವಮಾನವೆಲ್ಲ ದುಡಿದು ನಿಲ್ಲಿಸಿದ ಅಂಗಡಿಯನ್ನು ನಾನು ಎರಡು ತಿಂಗಳಲ್ಲಿ ಮುಳುಗಿಸುತ್ತಿದ್ದೆ. ಗಂಗವ್ವ ಬೈಯಲಿಲ್ಲ. ನನ್ನ ಕೈಗೊಂದು ಉಂಡಿ ಕೊಟ್ಟು ಕೇಳಿದಳು:

"ಎರಡೂ ಕೈ ಖಾಲಿ ಇಟ್ಟಕೊಂಡ, ಮಳ್ಯಾಗ ಒಂದ ಕಡೆ ಕುಂಡ್ರಾವರು ಯಾರ ಅದಾರ, ಹೇಳ್ರಿ?"

ನಾನು ಉಂಡಿ ಮುರಿದು ಬಾಯಿಗೆ ಹಾಕಿಕೊಂಡೆ. ಅವಳೇ ಹೇಳಿದಳು:

"ಉಗರಗೋಳದಾಗ ದೇವಿ ಗುಡ್ಡದ ದಾರಿಗೆ ಕಾಯಿ, ಭಂಡಾರ ಮಾರಾವರು. ಹ್ವಾದ ವರ್ಷ ನಾ ಹೋದಾಗ ಮಳಿ ಬಂದು, ಪಾಪ, ಅವರ ಅರಿಷಿಣ ಎಲ್ಲಾ ರಾಡಿ ಆಗಿತ್ತು. ಅವರನ್ನ ಕೇಳೂಣು."

ಹಬ್ಬ ಮುಗಿದ ಮೇಲೆ ಛತ್ರಿಗಳನ್ನು ಚಕ್ಕಡಿಗೆ ಹೇರಿ ಇಬ್ಬರೂ ಹೊರಟೆವು. ಗಂಗವ್ವ ಒಬ್ಬೊಬ್ಬರ ಮುಂದೆಯೂ ಕುಳಿತು, ಏನು ಮಾರುತ್ತೀರಿ, ಏನು ತೊಯ್ಯುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ವಿಚಾರಿಸಿದಳು. ಆಮೇಲೆ ಒಂದು ಛತ್ರಿ ಬಿಚ್ಚಿ ಅರಿಷಿಣದ ಗುಡ್ಡೆಯ ಮೇಲೆ ನಿಲ್ಲಿಸಿದಳು. ಅದೇ ಹೊತ್ತಿಗೆ ನಾಲ್ಕು ಹನಿ ಬಿತ್ತು. ಮಧ್ಯಾಹ್ನದೊಳಗೆ ದಾರಿಯುದ್ದಕ್ಕೂ ನಮ್ಮ ಛತ್ರಿಗಳೇ! ಹೊರುವುದು, ಬಿಚ್ಚುವುದು, ಕಟ್ಟುವುದು ನನ್ನ ಪಾಲಿನ ಕೆಲಸ.

ಕಾಯಿ ಮಾರುವ ಮುದುಕಿಯೊಬ್ಬಳು ನನ್ನನ್ನೇ ನೋಡುತ್ತ ಕುಳಿತಿದ್ದಳು.

"ತಂಗೀ, ಆಳ ಚಲೋ ಸಿಕ್ಕಾನ. ದಿನಕ್ಕ ಏನ ಕೊಡತಿ?"

ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಎರಡ ಹೊತ್ತ ಊಟಾ ರೀ ಅಜ್ಜಿ. ಎಣಸೂ ಕೆಲಸ ಮಾತ್ರ ಹೇಳೂದಿಲ್ಲ."

ನಾನು ಯಾರೆಂಬುದನ್ನು ಆ ಮಹಾತಾಯಿಗೆ ಸವಿಸ್ತಾರವಾಗಿ ನಿವೇದಿಸಲು ಗಂಟಲು ಸರಿಪಡಿಸಿಕೊಂಡೆ.

"ಕೆಮ್ಮಬ್ಯಾಡೋ," ಎಂದಳು ಮುದುಕಿ, "ಈ ಕಾಯಿ ಬುಟ್ಟಿ ಎತ್ತಿ ಅತ್ತಾಗ ಇಡು."

ಇಟ್ಟೆ!