ಅತ್ತೆಯ ಮೂಗು ಮತ್ತು ನಾಲ್ಕು ದಪ್ಪ ಪುಸ್ತಕಗಳು

ಕೆಲವರಿಗೆ ಸೀರೆಯ ಹುಚ್ಚು, ಕೆಲವರಿಗೆ ಪಾತ್ರೆಯ ಹುಚ್ಚು. ನನಗಿರುವುದು ಕಲಿಯುವ ಹುಚ್ಚು ಎಂದು ಹೇಳಿಕೊಂಡು ತಿರುಗುತ್ತೇನಾದರೂ, ನಿಜ ಹೇಳಬೇಕೆಂದರೆ ಅದು ಕಲಿಯುವುದಕ್ಕೆ ಮುಂಚೆ ಪುಸ್ತಕ ತರಿಸುವ ಹುಚ್ಚು. ಈಜು ಕಲಿಯಬೇಕೆಂದು ಎರಡು ಪುಸ್ತಕ ಓದಿದ್ದೇನೆ. ನೀರು ಕಂಡಿರುವುದು ಮಾತ್ರ ಇಂದಿಗೂ ನಮ್ಮ ಬಚ್ಚಲುಮನೆಯಲ್ಲೇ. ಯೋಗಾಸನದ ಪುಸ್ತಕವನ್ನಂತೂ ಮಂಚದ ಮೇಲೆ ಮಲಗಿಕೊಂಡೇ ಮುಗಿಸಿದೆ. ಹೀಗಾಗಿ ಜೆ.ಪಿ. ನಗರದಲ್ಲಿ ಜೇಡಿಮಣ್ಣಿನ ಕ್ಲಾಸಿಗೆ ಸೇರಿದ ದಿನ, ಮಣ್ಣು ಮುಟ್ಟುವ ಮೊದಲೇ ಟೀಚರ್ ಶಾಲಿನಿಯವರನ್ನು "ಯಾವ ಪುಸ್ತಕ ಒಳ್ಳೇದು ಮೇಡಂ?" ಎಂದು ಕೇಳಿದೆ. "ಮೊದ್ಲು ಒಂದು ಬಟ್ಟಲು ಮಾಡಿ, ಆಮೇಲೆ ನೋಡೋಣ" ಎಂದರು. ಆ ಬಟ್ಟಲು ಒಣಗುವಷ್ಟರಲ್ಲಿ ಕತ್ರಿಗುಪ್ಪೆಯ ನಮ್ಮ ಮನೆಗೆ ನಾಲ್ಕು ಪುಸ್ತಕಗಳು ಬಂದಿಳಿದಿದ್ದವು.

ಒಂದೊಂದೂ ರುಬ್ಬುಗುಂಡಿನ ತೂಕ. ಒಂದರಲ್ಲಿ ಬರೀ ಮೂಳೆ, ಮಾಂಸಖಂಡ. ಇನ್ನೊಂದು ಪೂರ್ತಿ ಮುಖಕ್ಕೇ ಮೀಸಲು. ಕಿವಿಗೇ ಮೂವತ್ತು ಪುಟ. ಮೂರನೆಯದು ಮಣ್ಣಿನ ಮೂರ್ತಿಯ ಒಳಗನ್ನು ಟೊಳ್ಳು ಮಾಡಿ, ಒಡೆಯದಂತೆ ಸುಡುವುದು ಹೇಗೆಂದು ಹೇಳುತ್ತದೆ. ನಾಲ್ಕನೆಯದು ಸುಟ್ಟ ಮೇಲೆ ಬಳಿಯುವ ಹೊಳಪಿನ ಬಗ್ಗೆ. ನಮ್ಮ ಊಟದ ಮೇಜು ಚಿಕ್ಕದು. ಪುಸ್ತಕಗಳು ಒಳಗೆ ಬಂದ ಮೇಲೆ ಪಲ್ಯದ ಪಾತ್ರೆ ಸ್ಟೂಲಿಗೆ ಹೋಯಿತು. ನನ್ನ ಯಜಮಾನರು ನಾಲ್ಕು ದಿನ ಸಹಿಸಿಕೊಂಡರು. ಐದನೆಯ ದಿನ, "ನಾನು ಚಪಾತಿ ತಿಂತಿದ್ರೆ ಪಕ್ಕದಲ್ಲಿ ಚರ್ಮ ಸುಲಿದವನೊಬ್ಬ ನಿಂತ್ಕೊಂಡು ನೋಡ್ತಾನೆ ಕಣೇ. ಆ ಪುಟ ಮುಚ್ಚು" ಎಂದರು. ಮುಚ್ಚಿದೆ. ಮುಂದಿನ ಪುಟದಲ್ಲಿ ಅವನ ಬೆನ್ನಿತ್ತು.

ಈಗ ನಮ್ಮ ಅತ್ತೆಯವರ ವಿಷಯಕ್ಕೆ ಬರಬೇಕು. ನಾನು ಈ ಮನೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಅವರ ಬಾಯಿಂದ "ಚೆನ್ನಾಗಿದೆ" ಎಂಬ ಮಾತು ಒಮ್ಮೆಯೂ ಬಂದದ್ದಿಲ್ಲ. ಹೋಳಿಗೆ ಮಾಡಿದರೆ "ತಿನ್ನಬಹುದು." ಹೊಸ ಕರ್ಟನ್ ಹಾಕಿದರೆ "ಇನ್ನು ಬಿಸಿಲು ಬರಲ್ಲ ಬಿಡು." ಆಫೀಸಿನಲ್ಲಿ ನನಗೆ ಪ್ರಮೋಷನ್ ಸಿಕ್ಕಿದಾಗ "ಇನ್ಮೇಲೆ ಮನೆಗೆ ಲೇಟು ಅನ್ನು" ಎಂದರು. ಒಂದೇ ಒಂದು "ಚೆನ್ನಾಗಿದೆ"ಗಾಗಿ ನಾನು ಎಷ್ಟು ಆಸೆಪಟ್ಟಿದ್ದೇನೆಂದು ನನಗೇ ಗೊತ್ತು. ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಎರಡು ತಿಂಗಳಿತ್ತು. ಅವರ ಮುಖವನ್ನೇ ಮಣ್ಣಿನಲ್ಲಿ ಮಾಡಿ ಕೊಟ್ಟುಬಿಡೋಣ, ಆಗ ಹೇಗೆ ಹೇಳದೆ ಇರುತ್ತಾರೆ ನೋಡೋಣ ಎಂದು ಹಟ ಹಿಡಿದೆ.

"ಬದುಕಿರೋರಿಗೆ ಯಾರಾದ್ರೂ ಮೂರ್ತಿ ಮಾಡಿಡ್ತಾರೇನೇ? ನನ್ನ ಕಳಿಸೋಕೆ ಅಷ್ಟು ಅರ್ಜೆಂಟಾ ನಿಂಗೆ?" ಎಂದು ಅತ್ತೆ ಗದರಿದರು. ಮರುದಿನ ಬೆಳಿಗ್ಗೆ ನೋಡಿದರೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ತಾವಾಗಿಯೇ ಕುರ್ಚಿಯಲ್ಲಿ ಕುಳಿತಿದ್ದರು.

ನಾನು ಹಳೆಯ ಕೈವಾರ ಹಿಡಿದು ಅವರ ಮುಖ ಅಳೆಯತೊಡಗಿದೆ. ಪುಸ್ತಕದ ಪ್ರಕಾರ ಹುಬ್ಬಿನಿಂದ ಮೂಗಿನ ತುದಿಗೆ ಎಷ್ಟು ದೂರವೋ, ಅಲ್ಲಿಂದ ಗದ್ದಕ್ಕೂ ಅಷ್ಟೇ ಇರಬೇಕು. ಅತ್ತೆಯ ಮೂಗು ಈ ಗಡಿಯನ್ನು ದಾಟಿ ಬಹಳ ಮುಂದೆ ಬಂದಿತ್ತು.

"ನಿಮ್ಮ ಮೂಗು ಇಲ್ಲಿಗೆ ಮುಗೀಬೇಕಿತ್ತು ಅತ್ತೆ" ಎಂದೆ.

"ಅದು ನಮ್ಮಪ್ಪನ ಮೂಗು. ಎಲ್ಲಿಗೆ ಮುಗೀಬೇಕಿತ್ತು ಅಂತ ಅವರನ್ನೇ ಕೇಳ್ಹೋಗು."

ಅವರಪ್ಪ ಶಿವನ ಪಾದ ಸೇರಿ ಮೂವತ್ತು ವರ್ಷವಾಗಿತ್ತು. ನಾನು ಪುಸ್ತಕವನ್ನು ನಂಬಿ ಮೂಗನ್ನು ಮೊಟಕು ಮಾಡಿದೆ. ಆಮೇಲೆ ಕಣ್ಣನ್ನು ಸರಿಪಡಿಸಿದೆ, ಗದ್ದವನ್ನು ತಿದ್ದಿದೆ. "ಅಮ್ಮನ ಹಾಗೆ ಕಾಣಲ್ವಲ್ಲೇ" ಎಂದು ಯಜಮಾನರು ಇಣುಕಿದರೆ, "ಅಮ್ಮನೇ ಅಳತೆಗೆ ಸರಿಯಾಗಿಲ್ಲ ರೀ, ನಾನೇನ್ ಮಾಡ್ಲಿ?" ಎಂದು ಬಾಯಿ ಮುಚ್ಚಿಸಿದೆ. ಇನ್ನೊಂದು ತೊಂದರೆಯೆಂದರೆ, ಅತ್ತೆ ಕುಳಿತ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದರು. ಮುಖದ ಭಾವ ಗೊತ್ತಾಗದಿದ್ದರೆ ಪಕ್ಕದಲ್ಲಿ ಕನ್ನಡಿ ಇಟ್ಟುಕೊಳ್ಳಿ ಎಂದು ಪುಸ್ತಕದಲ್ಲೇ ಇತ್ತು. ಇಟ್ಟುಕೊಂಡೆ. ನಾನು ನಗುವುದು, ಕೆನ್ನೆ ಎಲ್ಲಿ ಉಬ್ಬಿತೆಂದು ನೋಡುವುದು, ಅಲ್ಲಿ ಮಣ್ಣು ಮೆತ್ತುವುದು. ಕೊನೆಗೆ ಮೂರನೆಯ ಪುಸ್ತಕ ಹೇಳಿದಂತೆ ತಲೆಯೊಳಗಿನ ಮಣ್ಣನ್ನೆಲ್ಲ ಕೆರೆದು ತೆಗೆದೆ. ಶಾಲಿನಿಯವರ ಭಟ್ಟಿಯಲ್ಲಿ ಮೂರ್ತಿ ಒಂದು ಬಿರುಕೂ ಬಿಡದೆ ಬೆಂದಿತು.

ಹುಟ್ಟುಹಬ್ಬದ ದಿನ ಶಾಲಿನಿಯವರನ್ನೂ ಊಟಕ್ಕೆ ಕರೆದಿದ್ದೆ. ರೇಷ್ಮೆಯ ಖಣ ಹೊದಿಸಿದ್ದ ಮೂರ್ತಿಯನ್ನು ಅತ್ತೆಯ ಮುಂದಿಟ್ಟು ಬಟ್ಟೆ ಸರಿಸಿದೆ. ಅತ್ತೆ ಕನ್ನಡಕ ಏರಿಸಿ ಬಗ್ಗಿದರು.

"ಲೇ, ಇದು ನೀನೇ ಅಲ್ವೇನೇ?" ಎಂದರು ಯಜಮಾನರು.

ನೋಡಿದೆ. ನಾನೇ. ಕೆನ್ನೆಯ ಗುಳಿ, ಮೊಂಡು ಮೂಗು, ಎಲ್ಲ ನನ್ನದೇ. ಒಂದಿಷ್ಟು ವಯಸ್ಸು ಕಮ್ಮಿ, ಅಷ್ಟೆ. ಶಾಲಿನಿಯವರು ಸಮಾಧಾನ ಮಾಡಿದರು: "ಹೊಸಬರು ಯಾರ ಮುಖ ಮಾಡೋಕೆ ಹೋದ್ರೂ ಮೊದ್ಲು ತಮ್ಮ ಮುಖಾನೇ ಬರುತ್ತೆ ಮೇಡಂ. ನಿಮ್ಮ ಪುಸ್ತಕದ ಮುನ್ನುಡಿಯಲ್ಲೇ ಹೇಳಿದಾರಲ್ಲ." ನಾಲ್ಕು ಪುಸ್ತಕಗಳಲ್ಲಿ ನಾನು ಓದದೆ ಬಿಟ್ಟದ್ದು ಮುನ್ನುಡಿಯೊಂದೇ. ಮುನ್ನುಡಿ ಓದುವವರಾದರೂ ಯಾರು? ನನಗೆ ನಿಜವಾಗಿಯೂ ಅಳು ಬಂತು.

ಅತ್ತೆ ಮಾತ್ರ ಇನ್ನೂ ನೋಡುತ್ತಲೇ ಇದ್ದರು. ಮಣ್ಣಿನ ಕೆನ್ನೆಯನ್ನು ನಿಧಾನವಾಗಿ ಸವರಿದರು. "ಚೆನ್ನಾಗಿದೆ" ಎಂದರು.

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಇಪ್ಪತ್ತೇಳು ವರ್ಷದಲ್ಲಿ ಇವತ್ತೇ ನೋಡ್ತಿರೋದು, ನೀನು ಬಾಯಿ ಮುಚ್ಕೊಂಡಿರೋದನ್ನ."

ಮೂರ್ತಿ ಈಗ ನಡುಮನೆಯಲ್ಲಿ, ಅತ್ತೆಯ ಕುರ್ಚಿಯ ಎದುರಿಗಿದೆ. ಕುಳಿತಾಗ ಅವರ ಕಣ್ಣಿನ ಮಟ್ಟಕ್ಕೆ ಬರಬೇಕಲ್ಲ, ಅದಕ್ಕೆ ಅಡಿಯಲ್ಲಿ ನಾಲ್ಕೂ ಪುಸ್ತಕ ಇಟ್ಟಿದ್ದೇನೆ. ಎತ್ತರ ಹೇಳಿ ಮಾಡಿಸಿದಂತಿದೆ. ಅತ್ತೆ ದಿನಾ ಪೂಜೆ ಮುಗಿಸಿ ಬಂದು ಅದರ ಹಣೆಗೂ ವಿಭೂತಿ ಬಳಿದು, ಕಿವಿಯ ಮೇಲೊಂದು ಹೂವು ಸಿಕ್ಕಿಸಿ, ಊರಿನ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಾರೆ.

ಮೊನ್ನೆ ನೀರಿನ ಫಿಲ್ಟರ್ ರಿಪೇರಿಗೆ ಬಂದವನು ವಿಭೂತಿ, ಹೂವು ನೋಡಿ ತಟ್ಟನೆ ಟೋಪಿ ತೆಗೆದ. "ಇಷ್ಟು ಚಿಕ್ಕ ವಯಸ್ಸಿಗೇ ಹೋಗ್ಬಿಟ್ರಾ? ನಿಮ್ಮ ತಂಗಿನಾ ಮೇಡಂ?" ಎಂದ. ನಾನು ರೇಗಿ ಏನೋ ಹೇಳಬೇಕೆನ್ನುವಷ್ಟರಲ್ಲಿ ಕುರ್ಚಿಯಿಂದ ಅತ್ತೆಯ ದನಿ ಬಂತು:

"ನಮ್ಮ ಸೊಸೆ ಕಣಪ್ಪ. ಬಲು ಒಳ್ಳೇವಳು. ಒಂದು ದಿನಾನೂ ಎದುರು ಮಾತಾಡ್ದವಳಲ್ಲ."

ಇಂಥ ಮಾತು ನನಗೆ ಮತ್ತೆಂದು ಸಿಕ್ಕೀತು? ಅದು ಕೆಟ್ಟುಹೋಗದಿರಲೆಂದು ನಾನು ಬಾಯಿ ಮುಚ್ಚಿಕೊಂಡು ನಿಂತೆ.