ಒಡೆಯದ ಪಿಂಗಾಣಿಯ ಹಿಂದೆ ಬಿದ್ದು

ನಾನು ಸಂಶೋಧನೆ ಮಾಡುತ್ತಿದ್ದ ಕುಮಟಾದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಎಡವಟ್ಟಾಗದೆ ಒಂದು ವಾರ ಮುಗಿದದ್ದು ನನಗೆ ನೆನಪಿಲ್ಲ. ಆಗ ಅಳು ಬಂದದ್ದಕ್ಕೆಲ್ಲ ಈಗ ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಮನಸ್ಸು ಮತ್ತೆ ಭಾರವಾಗುತ್ತದೆ.

ಸಿಟ್ಟಿನ ಪ್ರಶ್ನೆ

ನಮ್ಮೂರು ಹೊನ್ನಾವರ. ಅಲ್ಲಿ ಮೀನು ಮಾರುವ ಅಕ್ಕ ಕೇಳಿದಳು, "ತಂಗಿ, ನೀ ಎಂತ ಕೆಲ್ಸ ಮಾಡೂದು?"

"ಗ್ರಾಫೀನ್ ಅಂತ ಇದೆ ಅಕ್ಕ. ಪೆನ್ಸಿಲ್ ಕಡ್ಡಿಯ ಕಪ್ಪನ್ನೇ ಕಣ್ಣಿಗೆ ಕಾಣದಷ್ಟು ತೆಳು ಪದರ ಮಾಡಿದ ಹಾಗೆ. ಅದನ್ನು ಪಿಂಗಾಣಿ ಪುಡಿಗೆ ಬೆರೆಸಿ ಸುಟ್ರೆ ಬಿರುಕು ಮುಂದೆ ಓಡೂದಿಲ್ಲ. ಬಿದ್ರೂ ಒಡೆಯೂದಿಲ್ಲ."

ಅವಳು ಬಂಗಡೆ ಎಣಿಸುವುದನ್ನು ನಿಲ್ಲಿಸಿದಳು. "ಒಡೆಯೂದೇ ಇಲ್ಲ ಅಂದ್ರೆ, ಗಂಡನ ಮೇಲೆ ಸಿಟ್ಟು ಬಂದಾಗ ನಾ ಎಂತ ಒಡೀಲಿ?"

ಬಿಳಿ ಬಿಲ್ಲೆ

ಗ್ರಾಫೀನ್ ಬೆರೆಸಿ ಸುಟ್ಟ ಪಿಂಗಾಣಿ ಬಿಲ್ಲೆ ಕಪ್ಪಗಿರಬೇಕು. ಫರ್ನೇಸಿನೊಳಗೆ ಗಾಳಿ ಹೊಕ್ಕರೆ ಗ್ರಾಫೀನೆಲ್ಲ ಉರಿದುಹೋಗುತ್ತದೆ. ಒಂದು ಸಲ ಹಾಗೇ ಆಯಿತು. ಬಾಗಿಲು ತೆರೆದರೆ ಬಿಲ್ಲೆಗಳೆಲ್ಲ ಹಾಲಿನಂತೆ ಬಿಳಿ! ತಿಂಗಳುಗಟ್ಟಲೆ ದುಡಿದದ್ದು ಗಾಳಿಪಾಲು. ನಾನೂ ನನ್ನ ಗೈಡ್ ಸರೂ ಸಾವಿನ ಮನೆಯವರ ಹಾಗೆ ನಿಂತಿದ್ದೆವು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದು ಒಂದು ಬಿಲ್ಲೆ ಎತ್ತಿ ನೋಡಿದರು.

"ಅಂತೂ ಆತಲ್ಲ! ಹೋದ ಸಲ ಕರಕಲಾಗಿತ್ತು" ಎಂದು ಸರ್ ಅವರ ಕೈ ಕುಲುಕಿ ಹೋದರು.

ಭಟ್ಕಳದ ಚಪ್ಪಾಳೆ

ಸರ್ ನಿವೃತ್ತರಾಗುವ ವಾರ ಭಟ್ಕಳದ ಒಂದು ಶಾಲೆಯವರು ವಿಜ್ಞಾನ ಮೇಳಕ್ಕೆ ಕರೆದರು. ಅಷ್ಟು ವರ್ಷಗಳಲ್ಲಿ ಮನಸ್ಸಿಗೆ ಒಪ್ಪುವಂತೆ ಬಂದದ್ದು ಒಂದೇ ಕಪ್ಪು ಬಿಲ್ಲೆ. ಸರ್ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು.

"ಸಾದಾ ಬಿಲ್ಲೆ ಒಡೆಯುತ್ತದೆ, ನಮ್ಮದು ಉಳಿಯುತ್ತದೆ" ಎಂದು ಹೇಳಿ ನಾನು ಎರಡನ್ನೂ ಒಟ್ಟಿಗೆ ಕೈಬಿಟ್ಟೆ. ಸಾದಾದ್ದು ಎದುರಿಗೆ ಕೂತಿದ್ದ ಹಿರಿಯ ಅತಿಥಿಯ ಪಾದದ ಮೇಲೆ ಬಿದ್ದು, ಇಡಿಯಾಗಿಯೇ ಉರುಳಿತು. ನಮ್ಮದು ನೆಲಕ್ಕೆ ಬಿದ್ದು ಎರಡು ಹೋಳು.

ಅತಿಥಿ ಪಾದ ಉಜ್ಜಿಕೊಳ್ಳುತ್ತಾ, "ಮಾಶಾ ಅಲ್ಲಾ ಬೇಟಿ, ನಿಮ್ಮದು ಬಹಳ ಗಟ್ಟಿ!" ಎಂದು ಆ ಸಾದಾದ್ದನ್ನೇ ಸರ್ ಅವರ ಕೈಗಿಟ್ಟರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು.

ವಾಪಸ್ ಬರುವಾಗ ರೈಲಿನಲ್ಲಿ ಸರ್ ಆ ಎರಡು ಹೋಳುಗಳನ್ನು ಜೋಡಿಸಿ ಜೋಡಿಸಿ ನೋಡುತ್ತಿದ್ದರು.

"ಬೇಜಾರಾ ಸರ್?"

"ಹೌದು. ಇನ್ನೊಂದು ವರ್ಷ ಸಿಕ್ಕಿದ್ರೆ ಸರಿ ಮಾಡ್ಬಹುದಿತ್ತು."

ಶರಾವತಿ ಸೇತುವೆ ದಾಟಿದ ಮೇಲೆ ಅವರೇ ಮೆಲ್ಲಗೆ ಅಂದರು: "ಒಂದು ಮರೆತೇಬಿಟ್ವಲ್ಲ ಮಾರಾಯ್ತಿ. ಆ ಸಾಹೇಬ್ರ ಪಾದಕ್ಕೆ ಎಂತ ಬೆರೆಸಿದ್ದಾರೆ ಅಂತ ಕೇಳ್ಬೇಕಿತ್ತು."