ನನ್ನ ಹೆಸರು ಹೊರಲೊಲ್ಲದ ಲಿಂಬೆ ಹುಳಕ್ಕೆ

ಮಾನ್ಯ ಉದ್ದಮೂತಿಯ ಹುಳದವರೇ,

ಇಂಡಿ ಪಟ್ಟಣದ ಹೊರವಲಯದಲ್ಲಿರುವ ನನ್ನ ತೋಟದ ಲಿಂಬೆ ಎಲೆಗಳ ಮೇಲೆ ತಾವು ಸಕುಟುಂಬ ಸಪರಿವಾರ ಕ್ಷೇಮವಾಗಿದ್ದೀರೆಂದು ಬಲ್ಲೆ. ಎಲೆಗಳು ಕ್ಷೇಮವಾಗಿಲ್ಲದಿರುವುದೇ ಅದಕ್ಕೆ ಸಾಕ್ಷಿ. ನಾನು ಶ್ರೀಶೈಲ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ಮಾಸ್ತರ, ಸದ್ಯಕ್ಕೆ ತಮ್ಮ ಅನ್ನದಾತ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ನನ್ನ ಮಾನವೂ ಬಹಿರಂಗವಾಗಿಯೇ ಹೋಗಿದೆ.

ಹೋದ ಮುಂಗಾರಿನಲ್ಲಿ ತಮ್ಮ ಬೆನ್ನಿನ ಹಳದಿ ಚುಕ್ಕೆಗಳನ್ನು ನೋಡಿದಾಗಲೇ, ಯಾವ ಪುಸ್ತಕದಲ್ಲೂ ಇಲ್ಲದ ಹೊಸ ಜೀವಿ ತಾವೆಂದು ನನಗೆ ಖಾತ್ರಿಯಾಯಿತು. ಹೊಸ ಜೀವಿಗೆ ಅದನ್ನು ಕಂಡುಹಿಡಿದವನು ತನ್ನ ಹೆಸರನ್ನು ತಾನೇ ಇಡುವುದು ಶೋಭೆಯಲ್ಲವೆಂಬುದು ಬಲ್ಲವರ ರೂಢಿ. ಹಾಗಾಗಿ ತಮ್ಮ ಬಂಧುಗಳಲ್ಲಿ ಕೆಲವರನ್ನು ಸುಣ್ಣದ ಡಬ್ಬಿಯಲ್ಲಿ ಕೂರಿಸಿ, ಮುಚ್ಚಳದ ತುಂಬ ನನ್ನ ಹೆಸರನ್ನು ದೊಡ್ಡದಾಗಿ ಬರೆದು, ದೂರದೂರಿನ ಕೀಟತಜ್ಞರೊಬ್ಬರಿಗೆ ಕಳುಹಿಸಿದೆ. ಅವರಿಗೆ ಬೇರಾವ ಹೆಸರೂ ಹೊಳೆಯಬಾರದೆಂಬಷ್ಟೇ ವಿನಯ ನನ್ನದು.

ಉತ್ತರ ಬರುವವರೆಗೆ ತಮ್ಮ ಕೂದಲೂ ಕೊಂಕದಂತೆ ನೋಡಿಕೊಂಡೆ. ನನ್ನ ಹೆಂಡತಿ ಸುವರ್ಣಾ ಔಷಧದ ಪಂಪು ಬೆನ್ನಿಗೇರಿಸಿ ಬಂದಾಗ ಗಿಡಕ್ಕೆ ಅಡ್ಡ ನಿಂತೆ. “ಹುಳಾ ಉಳಸಾಕ ಹೋಗಿ ಗಿಡಾನ ಕೊಲ್ಲಾಕತ್ತೀರಲ್ರಿ, ಈ ವರ್ಷ ಉಪ್ಪಿನಕಾಯಿ ಹುಳದ್ದ ಹಾಕ್ಲೇನ್ರಿ?” ಎಂದು ಅವಳು ಕೇಳಿದ್ದಕ್ಕೆ, ವಿಜ್ಞಾನವೆಂದರೆ ತ್ಯಾಗ ಎಂದು ಉಪದೇಶ ಮಾಡಿದೆ. ತ್ಯಾಗ ಮಾಡಿದ್ದು ಮಾತ್ರ ಲಿಂಬೆಗಿಡ. ನಾನಂತೂ ತಮ್ಮ ಲ್ಯಾಟಿನ್ ನಾಮಧೇಯದ ಬಾಲಕ್ಕೆ ‘ಶ್ರೀಶೈಲಿ’ ಎಂದು ಹಚ್ಚಿ, ಬಚ್ಚಲುಮನೆಯಲ್ಲಿ ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೆ. ಸುದ್ದಿ ಕೇಳಿದ ಸಿಂದಗಿಯ ಬೀಗರು ಮುಂಗಡವಾಗಿಯೇ ಶಾಲು ಹೊದಿಸಿ ಸನ್ಮಾನಿಸಿದರು. ಕಡುಬೇಸಿಗೆಯಾದರೂ ನಾನದನ್ನು ಊರು ಮುಟ್ಟುವವರೆಗೆ ತೆಗೆಯಲಿಲ್ಲ.

ಮೊನ್ನೆ ತಜ್ಞರು ಫೋನು ಮಾಡಿ, ತಾವು ಹೊಸ ಜೀವಿಯೇ ಹೌದೆಂದು ನನ್ನನ್ನು ಅಭಿನಂದಿಸಿ, ತಮಗೆ ಜಗದ್ವಿಖ್ಯಾತ ಬ್ರಿಟಿಷ್ ನಿಸರ್ಗತಜ್ಞರೊಬ್ಬರ ಹೆಸರಿಟ್ಟಿರುವುದಾಗಿ ತಿಳಿಸಿದರು. ಟೀವಿಯಲ್ಲಿ ಆ ಹಿರಿಯರ ದನಿ ಕೇಳಿಯೇ ನಾನು ಹುಳಹುಪ್ಪಟೆಗಳನ್ನು ಬಗ್ಗಿ ನೋಡಲು ಕಲಿತದ್ದು. ಅವರ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ಆದರೆ ಅವರ ಹೆಸರಿನಲ್ಲಿ ಗಿಡಗಳಿವೆ, ಜೇಡವಿದೆ, ಹಲ್ಲಿಯಿದೆ, ಕಲ್ಲಾಗಿ ಹೋದ ಪುರಾತನ ಮೀನೂ ಇದೆ. ಅಷ್ಟು ದೊಡ್ಡ ಸಂಸಾರದಲ್ಲಿ ತಾವೊಬ್ಬರು ಕಡಿಮೆಯಾಗಿದ್ದರೆ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ನನಗೋ ಇದ್ದದ್ದು ತಾವೊಬ್ಬರೇ. ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇನು?

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ದಯಮಾಡಿ ಬೆನ್ನ ಮೇಲೆ ಇನ್ನೊಂದು ಚುಕ್ಕೆ ಬೆಳೆಸಿಕೊಂಡು ಬೇರೆಯೇ ಜೀವಿಯಾಗಬೇಕು. ಅದು ಕಷ್ಟವೆನಿಸಿದರೆ, ತಜ್ಞರು ಸೂಜಿಗೆ ಚುಚ್ಚಿಟ್ಟಿರುವ ತಮ್ಮ ಬಂಧುಗಳು ಎದ್ದು ಕುಳಿತು ನನ್ನ ಪರವಾಗಿ ನಾಲ್ಕು ಮಾತಾಡಬೇಕು. ಎರಡೂ ಆಗದಿದ್ದಲ್ಲಿ, ಬೀಗರು ವಾಪಸು ಕೇಳುವ ಮೊದಲೇ ಆ ಶಾಲನ್ನಾದರೂ ತಿಂದು ಮುಗಿಸಬೇಕು.

ಎಲೆಯಿಲ್ಲದ ಗಿಡದ ನೆರಳು ಹುಡುಕುತ್ತಿರುವ,
ತಮ್ಮ ವಿಶ್ವಾಸಿ,
ಶ್ರೀಶೈಲ ಮಾಸ್ತರ

ತಾ.ಕ.: ಈ ನಡುವೆ ತಾವು ಅಕ್ಕಪಕ್ಕದ ತೋಟಗಳಿಗೂ ಚಿತ್ತೈಸಿದ್ದೀರಿ. ಅಲ್ಲಿಯವರು ಲ್ಯಾಟಿನ್ ಗೀಟಿನ್ ನೋಡದೆ, ತಮ್ಮನ್ನು ಸಾಕಿದವನ ನೆನಪಿಗೆ ‘ಶ್ರೀಶೈಲ ಹುಳ’ ಎಂದೇ ಕರೆಯುತ್ತಿದ್ದಾರೆ. ಗಂಡನ ಹೆಸರನ್ನು ಇಂದಿಗೂ ಬಾಯಿಂದ ಆಡದ ಸುವರ್ಣಾ ನಿನ್ನೆ ಔಷಧದ ಅಂಗಡಿಗೆ ಹೋಗಿ, “ನಮ್ಮ ಮನಿಯವರು ಭಾಳ ಆಗ್ಯಾರ್ರಿ, ಸಾಯೂವಂಥಾದ್ದು ಏನರ ಕೊಡ್ರಿ” ಎಂದು ಕೇಳಿದಳಂತೆ. ಅಂಗಡಿಯ ಅಫ್ರೋಜ ಯಾರು, ಏನು ಎಂದು ಒಂದು ಮಾತೂ ಕೇಳದೆ ಬಾಟಲಿ ತೆಗೆದುಕೊಟ್ಟನಂತೆ.